ಓಕ್ ಎಲೆ ಮೇಲಿರೋ ಆ ಗುಂಡು ಕಾಯಿ ಏನು?

ಪ್ರಶ್ನೆ: ಓಕ್ ಎಲೆ ಹಿಂದೆ ಗೋಲಿ ತರ, ಬಿಲ್ಲೆ ತರ ಏನೇನೋ ಬೆಳೆದಿದೆ. ರೋಗಾನಾ? ಔಷಧಿ ಹೊಡೀಬೇಕಾ?

ಉತ್ತರ: ಏನೂ ಹೊಡೀಬೇಡಿ. ಅದು ರೋಗಾನೂ ಅಲ್ಲ ಕಾಯಿನೂ ಅಲ್ಲ, ಒಂದು ಹುಳದ ಮನೆ. ಗಾಲ್ ಅಂತಾರೆ, ಕಟ್ಟಿಸಿದ್ದು ಗಾಲ್ ಕಣಜ, ಕೆಲವೇ ಮಿಲಿಮೀಟರ್ ಉದ್ದ, ಇರುವೆಗೆ ರೆಕ್ಕೆ ಬಂದಂಗಿರುತ್ತೆ, ನಮಗೆ ಕಚ್ಚಲ್ಲ.

ಕಟ್ಟಿಸಿದ್ದು ಅಂತ ಬೇಕಂತಲೇ ಬರೆದೆ. ಯಾಕಂದ್ರೆ ತಾಯಿ ಕಣಜ ಎಲೆಯೊಳಗೆ ಮೊಟ್ಟೆ ಇಟ್ಟು ಹೋಗುತ್ತೆ ಅಷ್ಟೆ, ಆಮೇಲೆ ಮರಿಹುಳ ಎಲೆ ಬೆಳೆಯೋ ರೀತಿನೇ ತಿರುಗಿಸಿಬಿಡುತ್ತೆ, ಮರ ತನ್ನ ಖರ್ಚಲ್ಲಿ ಸುತ್ತ ಗೋಡೆ ಎಬ್ಬಿಸಿ ಒಳಗೆ ಹುಳಕ್ಕೆ ಊಟಾನೂ ಬಡಿಸುತ್ತೆ! ಒಂದೊಂದು ಜಾತಿ ಕಣಜಕ್ಕೂ ಒಂದೊಂದು ಡಿಸೈನು, ಹಾಗಾಗಿ ಗಾಲ್ ನೋಡಿದ್ರೆ ಸಾಕು, ಒಳಗಿರೋರು ಯಾರು ಅಂತ ತಿಳಿದವರು ಹೇಳಿಬಿಡ್ತಾರೆ.

ನನಗೆ ತಲೆ ಕೆಡಿಸಿದ್ದು ಇವುಗಳ ಸಂಸಾರ. ನೀವು ಹೇಳಿದ ಬಿಲ್ಲೆಗಳನ್ನ ಮಾಡಿಸೋ ನ್ಯೂರೋಟೆರಸ್ ಅನ್ನೋ ಗಾಲ್ ಕಣಜಾನ ತಗೊಳ್ಳಿ. ಎಲೆ ಉದುರೋ ಕಾಲಕ್ಕೆ ಬಿಲ್ಲೆ ನೆಲಕ್ಕೆ ಬೀಳುತ್ತೆ, ಚಳಿಗಾಲ ಪೂರ್ತಿ ತರಗೆಲೆ ಮಧ್ಯೆ ಇದ್ದು ವಸಂತದಲ್ಲಿ ಬರೀ ಹೆಣ್ಣು ಕಣಜಗಳೇ ಹೊರಗೆ ಬರ್ತವೆ, ಗಂಡಿನ ಸಹವಾಸ ಇಲ್ದೆ ಓಕ್ ಹೂಗೊಂಚಲಲ್ಲಿ, ಎಳೆ ಎಲೇಲಿ ಮೊಟ್ಟೆ ಇಡ್ತವೆ, ಅಲ್ಲಿ ಬರೋ ಗಾಲ್ ಬಿಲ್ಲೆ ಅಲ್ಲ, ಪುಟ್ಟ ದ್ರಾಕ್ಷಿ ತರ! ಅದರಿಂದ ಗಂಡು ಹೆಣ್ಣು ಎರಡೂ ಹುಟ್ಟಿ, ಕೂಡಿ, ಮತ್ತೆ ಎಲೆ ಹಿಂದೆ ಮೊಟ್ಟೆ, ಮತ್ತೆ ಬಿಲ್ಲೆ. ಅಂದ್ರೆ ಮಗಳು ಅಮ್ಮನ ತರ ಇರಲ್ಲ, ಅಜ್ಜಿ ತರ ಇರ್ತಾಳೆ. ಹಿಂದೆ ವಿಜ್ಞಾನಿಗಳೂ ಏಮಾರಿ ಒಂದೇ ಜಾತಿಯ ಎರಡು ತಲೆಮಾರಿಗೆ ಎರಡು ಹೆಸರು ಇಟ್ಟಿದ್ರು.

ಅಂದಹಾಗೆ ಅಂಗಡೀಲಿ ಸಿಗೋ ಮಾಚಿಕಾಯಿನೂ ಓಕ್ ಗಾಲೇ, ಆದ್ರೆ ಎಲೇದಲ್ಲ, ಕೊಂಬೇದು. ಅದರಲ್ಲಿ ಟ್ಯಾನಿನ್ ಅನ್ನೋ ಒಗರು ಪದಾರ್ಥ ಜಾಸ್ತಿ, ಕಬ್ಬಿಣದ ಲವಣ ಸೇರಿಸಿದ್ರೆ ಕಪ್ಪು ಶಾಯಿ, ಯುರೋಪಿನವರು ನೂರಾರು ವರ್ಷ ಅದರಲ್ಲೇ ಬರೆದ್ರು.

ಔಷಧಿ ವಿಷಯಕ್ಕೆ ಬಂದ್ರೆ, ಹುಳ ಗೋಡೆ ಒಳಗೆ ಭದ್ರವಾಗಿರುತ್ತೆ, ಮೇಲೆ ಹೊಡೆದಿದ್ದು ಅದಕ್ಕೆ ತಾಗೋದು ಕಷ್ಟ. ಸಾಯೋದು ಅದನ್ನ ತಿನ್ನೋಕೆ ಬರೋ ಬೇರೆ ಪುಟ್ಟ ಕಣಜಗಳು, ಅವು ಗಾಲ್ ಗೋಡೆಗೇ ಸೂಜಿ ಚುಚ್ಚಿ ಒಳಗಿನ ಹುಳದ ಮೇಲೆ ಮೊಟ್ಟೆ ಇಡ್ತವೆ. ಹಾಗಂತ ಎಲ್ಲಾ ಗಾಲ್ ಕಣಜಾನೂ ಸಾಧು ಅಲ್ಲ, ಚೆಸ್ಟ್‌ನಟ್ ಮರದ ಮೊಗ್ಗಿಗೆ ಬೀಳೋ ಒಂದು ಜಾತಿ ಇಳುವರಿನೇ ಬೀಳಿಸುತ್ತೆ, 2002ರಲ್ಲಿ ಇಟಲಿಗೆ ಬಂತು, ಅದನ್ನ ಹತೋಟಿಗೆ ತರೋಕೆ ಅಲ್ಲೂ 2005ರಿಂದ ಬಿಟ್ಟಿದ್ದು ಗಾಲ್ ಹುಳ ತಿನ್ನೋ ಇಂಥದ್ದೇ ಪುಟ್ಟ ಕಣಜಾನ.