ಕಿಡ್ನಿ ಕಾಯಿಲೆ ಇದ್ದವರಿಗೆ ಮಟನ್ ಎಷ್ಟು ಬಡಿಸಬಹುದು?

ಹಳೇ ಮೈಸೂರು ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು. ಮನೆಮನೆಯಲ್ಲೂ ಮಟನ್ ಸಾರಿನ ಘಮ. ಕಿಡ್ನಿ ಕಾಯಿಲೆ ಇರುವವರು ಊಟಕ್ಕೆ ಕೂತರೆ ಮಾತ್ರ ಚರ್ಚೆ ಶುರು. 'ಒಂದು ತುಂಡೂ ಬೇಡ' ಅನ್ನುತ್ತಾರೆ ಒಬ್ಬರು. 'ಸೊರಗಿದ್ದಾರೆ, ಕಾಲು ಸೂಪ್ ಕೊಡಿ' ಅನ್ನುತ್ತಾರೆ ಇನ್ನೊಬ್ಬರು. ಕಾಯಿಲೆ ಯಾವ ಹಂತದಲ್ಲಿದೆ ಅಂತ ಮೊದಲು ಕೇಳಬೇಕು, ಅಲ್ವಾ?

ಪ್ರೋಟೀನ್ ಕರಗಿದಾಗ ಯೂರಿಯಾ ಹುಟ್ಟುತ್ತದೆ. ಅದನ್ನು ಹೊರಹಾಕುವುದು ಕಿಡ್ನಿಯ ಕೆಲಸ. ಸೋಸುವ ಘಟಕಗಳಲ್ಲಿ ಅರ್ಧ ಹಾಳಾಗಿದ್ದರೆ ಉಳಿದವು ಹೆಚ್ಚು ದುಡಿಯುತ್ತವೆ, ಒಳಗಿನ ಒತ್ತಡ ಏರಿ ಅವೂ ಬೇಗ ಸವೆಯುತ್ತವೆ. ಮಾಂಸದಿಂದ ರಕ್ತಕ್ಕೆ ಆಮ್ಲದ ಹೊರೆಯೂ ಬೀಳುತ್ತದೆ. ಇನ್ನು ರಂಜಕ, ಅಂದರೆ ಫಾಸ್ಫರಸ್. ಬೇಳೆಕಾಳಿನಲ್ಲೂ ರಂಜಕ ಇದೆ, ಆದರೆ ಅದು ಹೆಚ್ಚಾಗಿ ಫೈಟೇಟ್ ರೂಪದಲ್ಲಿರುತ್ತದೆ. ನಮ್ಮ ಕರುಳಿಗೆ ಅದನ್ನು ಪೂರ್ತಿ ಬಿಡಿಸಿಕೊಳ್ಳಲು ಆಗುವುದಿಲ್ಲ. ಮಾಂಸದ ರಂಜಕ ಸಲೀಸಾಗಿ ರಕ್ತ ಸೇರುತ್ತದೆ. ಅದು ಏರುತ್ತಾ ಹೋದರೆ ಮೂಳೆ ಸೊರಗುತ್ತದೆ, ರಕ್ತನಾಳ ಗಡುಸಾಗುತ್ತದೆ.

ಸಿಂಗಪುರದಲ್ಲಿ 63,257 ಚೀನೀ ಮೂಲದವರನ್ನು ಸರಾಸರಿ 15 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೆಂಪು ಮಾಂಸ ಅತಿ ಜಾಸ್ತಿ ತಿಂದವರಲ್ಲಿ ಕಿಡ್ನಿ ಪೂರ್ತಿ ಕೈಕೊಡುವ ಅಪಾಯ, ಅತಿ ಕಡಿಮೆ ತಿಂದವರಿಗಿಂತ ಸುಮಾರು ಶೇ. 40 ಹೆಚ್ಚಿತ್ತು. ಕೋಳಿ, ಮೀನು ತಿಂದವರಲ್ಲಿ ಹಾಗೆ ಕಾಣಲಿಲ್ಲ. ಅವರು ತಿಂದ ಕೆಂಪು ಮಾಂಸ ಬಹುತೇಕ ಹಂದಿಯದು. ಹಾಗಾಗಿ ಅದೇ ಲೆಕ್ಕವನ್ನು ನಮ್ಮ ಕುರಿ ಮಾಂಸಕ್ಕೆ ನೇರವಾಗಿ ಅಂಟಿಸುವುದು ಸರಿಯಲ್ಲ.

ಅಳತೆ ಎಷ್ಟು? ಕಾಯಿಲೆ 3ರಿಂದ 5ನೇ ಹಂತದಲ್ಲಿದ್ದು (5 ಅಂದರೆ ಕೊನೆಯ ಹಂತ) ಡಯಾಲಿಸಿಸ್ ಇನ್ನೂ ಶುರುವಾಗದಿದ್ದರೆ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಎನ್ನುತ್ತದೆ 2024ರ ಅಂತಾರಾಷ್ಟ್ರೀಯ ಮಾರ್ಗಸೂಚಿ. 60 ಕಿಲೋ ತೂಕದವರಿಗೆ 48 ಗ್ರಾಂ. ಬೆಂದ ಮಟನ್ 100 ಗ್ರಾಂ ತಿಂದರೆ ಅರ್ಧ ಅಲ್ಲೇ ಮುಗಿಯಿತು. ಮುದ್ದೆ, ಅನ್ನ, ಮೊಸರಿನ ಪ್ರೋಟೀನ್ ಬೇರೆ ಸೇರಬೇಕು. ಹಾಗಾಗಿ ಎರಡು ಸಣ್ಣ ತುಂಡು, ಅದೂ ಅಪರೂಪಕ್ಕೆ, ಅಂತಿಟ್ಟುಕೊಳ್ಳುವುದು ಒಳ್ಳೆಯದು.

ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಕಿಲೋಗೆ 1ರಿಂದ 1.2 ಗ್ರಾಂ ಬೇಕು, ಯಾಕೆಂದರೆ ಯಂತ್ರ ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಹಳೇ ಪಥ್ಯವನ್ನೇ ಹಿಡಿದುಕೊಂಡು ಇಂಥವರನ್ನು ಅರೆಹೊಟ್ಟೆಯಲ್ಲಿಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಸ್ನಾಯು ಕರಗಿ ಅವರು ಇನ್ನಷ್ಟು ಕುಸಿಯುತ್ತಾರೆ. ಮೊಟ್ಟೆಯ ಬಿಳಿ, ಮೀನು, ಕೋಳಿ ಅವರಿಗೆ ಬೇಕು. ವೈದ್ಯರು ಒಪ್ಪಿದರೆ ಸ್ವಲ್ಪ ಮಟನ್ ಕೂಡ ಆಗುತ್ತದೆ.

ನನಗೆ ತುಂಡಿಗಿಂತ ಸೂಪಿನ ಭಯವೇ ಜಾಸ್ತಿ. ಮಾಂಸ ಬೇಯುವಾಗ ಪೊಟ್ಯಾಸಿಯಂ, ರಂಜಕ ನೀರಿಗಿಳಿಯುತ್ತವೆ, ಮೇಲೆ ಉಪ್ಪು ಬೀಳುತ್ತದೆ. ನೀರಿಗೂ ಮಿತಿ ಇರುವವರಿಗೆ ಒಂದು ಲೋಟ ಕಾಲು ಸೂಪ್ ಅಂದರೆ ಎಲ್ಲ ತೊಂದರೆಯೂ ಒಟ್ಟಿಗೆ. ಮಾಂಸವನ್ನು ಮೊದಲು ಬರೀ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಮಸಾಲೆ ಹಾಕಿದರೆ ಹೊರೆ ಸ್ವಲ್ಪ ಇಳಿಯುತ್ತದೆ.

ರಕ್ತಪರೀಕ್ಷೆ ಇದ್ದರೆ ಅದಕ್ಕೆ ಮುಂಚಿನ 12 ಗಂಟೆ ಮಾಂಸ ಬೇಡ. ಕಿಡ್ನಿಯ ಸ್ಥಿತಿ ಅಳೆಯಲು ರಕ್ತದಲ್ಲಿ ನೋಡುವ ಕ್ರಿಯೇಟಿನಿನ್ ಎಂಬ ಕಶ್ಮಲ ಬೆಂದ ಮಾಂಸದಲ್ಲೇ ಇರುತ್ತದೆ. ಅದು ರಕ್ತ ಸೇರಿ, ಕಿಡ್ನಿ ಇದ್ದದ್ದಕ್ಕಿಂತ ಹಾಳಾದಂತೆ ರಿಪೋರ್ಟ್ ಬರಬಹುದು.