ಬಟನ್ ಒತ್ತಿದಾಗ ಪಾತ್ರ ಚಲಿಸುವ ಬಗೆ: ವಿಡಿಯೋ ಗೇಮ್ ಅನಿಮೇಷನ್ ಕುರಿತ ಅಧ್ಯಯನ ಟಿಪ್ಪಣಿ

ಸಿನಿಮಾದ ಅನಿಮೇಟರ್‌ಗೆ ತನ್ನ ಪಾತ್ರ ಮುಂದಿನ ಕ್ಷಣದಲ್ಲಿ ಏನು ಮಾಡಲಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ಗೇಮ್‌ನ ಅನಿಮೇಟರ್‌ಗೆ ಆ ಅನುಕೂಲವಿಲ್ಲ. ಓಡುತ್ತಿರುವ ಪಾತ್ರವನ್ನು ಆಟಗಾರ ಯಾವ ಹೆಜ್ಜೆಯ ನಡುವೆಯಾದರೂ ನಿಲ್ಲಿಸಬಹುದು, ತಿರುಗಿಸಬಹುದು, ಜಿಗಿಸಬಹುದು. ಆದ್ದರಿಂದ ಈ ಕ್ಷೇತ್ರದ ಪ್ರತಿಯೊಂದು ತಂತ್ರವನ್ನೂ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಓದುವುದು ಒಳ್ಳೆಯದು: ಚಲನೆ ನಂಬುವಂತಿದೆಯೇ, ಬಟನ್ ಒತ್ತಿದೊಡನೆ ಪಾತ್ರ ಸ್ಪಂದಿಸುತ್ತದೆಯೇ? ಇವೆರಡೂ ಬಹಳ ಸಲ ಒಂದಕ್ಕೊಂದು ವಿರುದ್ಧವಾಗಿ ಎಳೆಯುತ್ತವೆ. ಸೆಕೆಂಡಿಗೆ 60 ಫ್ರೇಮ್ ತೋರಿಸುವ ಆಟದಲ್ಲಿ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್, ಆಟದ ಉಳಿದೆಲ್ಲ ಲೆಕ್ಕಾಚಾರದ ಜೊತೆಗೆ ಪಾತ್ರದ ಹೊಸ ಭಂಗಿಯೂ ಅಷ್ಟರೊಳಗೆ ಸಿದ್ಧವಾಗಬೇಕು.

ಮೊದಲ ಕಾಲದ ಆಟಗಳಲ್ಲಿ ಪಾತ್ರವೆಂದರೆ ಸ್ಪ್ರೈಟ್, ಅಂದರೆ ಒಂದರ ನಂತರ ಒಂದಾಗಿ ಬದಲಾಗುವ ಚಿಕ್ಕ ಚಿತ್ರಗಳು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಮಾರಿಯೋನ ನಡಿಗೆಗೆ ಇದ್ದದ್ದು ಮೂರೇ ಚಿತ್ರಗಳು. ಆದರೂ ಆ ಪಾತ್ರ ಇಂದಿಗೂ ಚುರುಕಾಗಿ ಅನಿಸುತ್ತದೆ, ಏಕೆಂದರೆ ಅಲ್ಲಿ ಚಲನೆಯನ್ನು ನಿರ್ಧರಿಸುವುದು ವೇಗದ ಲೆಕ್ಕವೇ ಹೊರತು ಚಿತ್ರವಲ್ಲ. ಜಿಗಿದು ಗಾಳಿಯಲ್ಲಿರುವಾಗಲೂ ಅವನ ದಿಕ್ಕನ್ನು ತಿದ್ದಬಹುದು.

ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದು ಜೋರ್ಡನ್ ಮೆಕ್ನರ್ ಆ್ಯಪಲ್-2 ಕಂಪ್ಯೂಟರ್‌ಗಾಗಿ ರೂಪಿಸಿದ, 1989ರಲ್ಲಿ ಬಿಡುಗಡೆಯಾದ ‘ಪ್ರಿನ್ಸ್ ಆಫ್ ಪರ್ಷಿಯಾ’. ಅವರು ತಮ್ಮ ಕಿರಿಯ ಸಹೋದರ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡುವುದನ್ನೂ ಜಿಗಿಯುವುದನ್ನೂ ವಿಡಿಯೋದಲ್ಲಿ ಸೆರೆಹಿಡಿದರು. ಆ ವಿಡಿಯೋವನ್ನು ಟಿವಿ ಪರದೆಯ ಮೇಲೆ ನಿಲ್ಲಿಸಿ ನಿಲ್ಲಿಸಿ ಫೋಟೋ ತೆಗೆದು, ದೇಹದ ಹೊರರೇಖೆಯನ್ನು ಕೈಯಿಂದ ಸ್ಪಷ್ಟಪಡಿಸಿ, ಕಂಪ್ಯೂಟರ್‌ಗೆ ಇಳಿಸಿದರು. ನಿಜವಾದ ಚಿತ್ರೀಕರಣದ ಮೇಲೆ ಗೆರೆ ಎಳೆಯುವ ಈ ವಿಧಾನಕ್ಕೆ ರೋಟೋಸ್ಕೋಪಿಂಗ್ ಎನ್ನುತ್ತಾರೆ. ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು: ಅಂಚಿಗೆ ಜೋತುಬಿದ್ದ ರಾಜಕುಮಾರ ಮೇಲೇರುವಾಗ ಅವನ ಮೈಭಾರ ನೋಡುವವರಿಗೂ ತಾಗುತ್ತದೆ. ಆದರೆ ಹಿಡಿದ ಚಲನೆ ಮುಗಿಯುವವರೆಗೆ ಅವನು ಇನ್ನೊಂದು ಆಜ್ಞೆಗೆ ಒಪ್ಪುವುದಿಲ್ಲ. ಓಟ ನಿಲ್ಲಿಸಬೇಕೆಂದರೂ ಒಂದಿಷ್ಟು ದೂರ ಹೋಗಿಯೇ ನಿಲ್ಲುತ್ತಾನೆ. ಪ್ರಪಾತದ ಅಂಚಿನಲ್ಲಿ ಆ ದೂರವನ್ನು ಅಂದಾಜು ಮಾಡುವುದೇ ಆಟದ ಜೀವಾಳವಾಗಿದ್ದರಿಂದ ಕೊರತೆಯೇ ಅಲ್ಲಿ ಗುಣವಾಯಿತು. ಇದೇ ಆಟದಲ್ಲಿ ಹೊಸ ಎದುರಾಳಿಯ ಚಿತ್ರಗಳಿಗೆ ಮೆಮೊರಿ ಸಾಲದಾದಾಗ, ರಾಜಕುಮಾರನ ಚಿತ್ರಗಳನ್ನೇ ಒಂದು ಬಿಟ್ (ಕಂಪ್ಯೂಟರ್ ಮಾಹಿತಿಯ ಅತಿ ಚಿಕ್ಕ ಘಟಕ) ಸರಿಸಿ, ಮೂಲ ಚಿತ್ರಗಳೊಡನೆ ಎಕ್ಸ್‌ಓಆರ್ (XOR) ಕ್ರಿಯೆ, ಅಂದರೆ ಎರಡು ಬಿಟ್‌ಗಳು ಬೇರೆಯಾಗಿದ್ದರೆ ಮಾತ್ರ 1 ಕೊಡುವ ಲೆಕ್ಕ ನಡೆಸಿ ನೆರಳುಮನುಷ್ಯನನ್ನು ಸೃಷ್ಟಿಸಲಾಯಿತು. ತಂತ್ರಜ್ಞಾನದ ಮಿತಿ ಕಥೆಗೇ ಒಂದು ಪಾತ್ರವನ್ನು ಕೊಟ್ಟ ಇಷ್ಟು ಸೊಗಸಾದ ಉದಾಹರಣೆ ಅಪರೂಪ.

ಮೂರು ಆಯಾಮದ ಆಟಗಳು ಬಂದಾಗ ಚಿತ್ರಗಳ ಜಾಗಕ್ಕೆ ತ್ರಿಕೋನಗಳ ಜಾಲವಾದ ಮೆಶ್ ಬಂತು. 1996ರ ‘ಕ್ವೇಕ್’ನಲ್ಲಿ ಪ್ರತಿ ಭಂಗಿಗೂ ಜಾಲದ ಎಲ್ಲ ಬಿಂದುಗಳ ಸ್ಥಾನವನ್ನು ಉಳಿಸಿಡಲಾಗುತ್ತಿತ್ತು, 1998ರ ‘ಹಾಫ್-ಲೈಫ್’ ಹೊತ್ತಿಗೆ ಅಸ್ಥಿಪಂಜರದ ವಿಧಾನ ಬಳಕೆಗೆ ಬಂದಿತ್ತು. ಇದರಲ್ಲಿ ಮೆಶ್‌ನ ಒಳಗೆ ಬೋನ್‌ಗಳ ಒಂದು ಸರಪಣಿಯನ್ನು ಕೂರಿಸಲಾಗುತ್ತದೆ: ಸೊಂಟ, ಬೆನ್ನು, ಭುಜ, ಮೊಣಕೈ, ಮಣಿಕಟ್ಟು. ಭುಜ ತಿರುಗಿದರೆ ಅದರ ಕೆಳಗಿನದೆಲ್ಲ ಜೊತೆಗೇ ತಿರುಗುತ್ತದೆ. ಅನಿಮೇಟರ್ ಮುಖ್ಯ ಭಂಗಿಗಳನ್ನು ಮಾತ್ರ ಕೀಫ್ರೇಮ್‌ಗಳಾಗಿ ಇಡುತ್ತಾರೆ, ನಡುವಿನ ಭಂಗಿಗಳನ್ನು ಕಂಪ್ಯೂಟರ್ ತುಂಬುತ್ತದೆ. ಇಲ್ಲಿ ತುಂಬಬೇಕಾದದ್ದು ಬೋನ್‌ನ ತಿರುವನ್ನು. ಕೈಯ ಬಿಂದುಗಳನ್ನು ಒಂದು ಸ್ಥಾನದಿಂದ ಇನ್ನೊಂದಕ್ಕೆ ನೇರ ಗೆರೆಯಲ್ಲಿ ಸಾಗಿಸಿದರೆ ಕೈ ನಡುದಾರಿಯಲ್ಲಿ ಕುಗ್ಗಿದಂತೆ ಕಾಣುತ್ತದೆ.

ಬೋನ್ ತಿರುಗಿದಾಗ ಚರ್ಮ ಹೇಗೆ ಹಿಂಬಾಲಿಸಬೇಕು ಎಂಬುದನ್ನು ನಿರ್ಧರಿಸುವುದು ಸ್ಕಿನ್ನಿಂಗ್. ಮೊಣಕೈಯ ಬಳಿಯ ಒಂದು ಬಿಂದುವನ್ನು ತೆಗೆದುಕೊಳ್ಳಿ: ಅದು ಮೇಲ್ತೋಳಿನ ಬೋನ್‌ಗೆ 0.6ರಷ್ಟು, ಮುಂದೋಳಿನ ಬೋನ್‌ಗೆ 0.4ರಷ್ಟು ಸೇರಿದೆ ಎಂದುಕೊಂಡರೆ, ಎರಡೂ ಬೋನ್‌ಗಳು ಹೇಳುವ ಸ್ಥಾನಗಳ ತೂಕದ ಸರಾಸರಿಯೇ ಅದರ ಹೊಸ ಸ್ಥಾನ. ಸಾಮಾನ್ಯವಾಗಿ ಒಂದು ಬಿಂದುವಿಗೆ ಗರಿಷ್ಠ ನಾಲ್ಕು ಬೋನ್‌ಗಳ ಪ್ರಭಾವವನ್ನು ಇಡುವುದು ರೂಢಿ. ಮಣಿಕಟ್ಟನ್ನು 180 ಡಿಗ್ರಿಯ ಹತ್ತಿರ ತಿರುಚಿದಾಗ ಇದೇ ಸರಾಸರಿಯಿಂದ ಬಿಂದುಗಳು ಮಧ್ಯದ ಅಕ್ಷಕ್ಕೆ ಬಂದು ಸೇರಿ, ಚಾಕೊಲೇಟ್ ಕಾಗದದ ತುದಿ ಹಿಂಡಿದಂತೆ ಚರ್ಮ ಹಿಸುಕಿಹೋಗುತ್ತದೆ. ತಿರುವನ್ನು ಹಂಚಿಕೊಳ್ಳಲು ಮುಂದೋಳಿನಲ್ಲಿ ಒಂದೆರಡು ಹೆಚ್ಚುವರಿ ಬೋನ್‌ಗಳನ್ನು ಸೇರಿಸುವುದು ಇದಕ್ಕೆ ಸುಲಭದ ಪರಿಹಾರ.

ಹೊಸಬರು ಹೆಚ್ಚು ಕಾಲ ಕೊಡಬೇಕಾದದ್ದು ಬ್ಲೆಂಡಿಂಗ್‌ಗೆ ಎಂಬುದು ನನ್ನ ಅಭಿಪ್ರಾಯ. ನಿಲುವು, ನಡಿಗೆ, ಓಟ, ಜಿಗಿತ ಇವೆಲ್ಲ ಬಿಡಿಬಿಡಿ ಕ್ಲಿಪ್‌ಗಳು. ಯಾವುದರಿಂದ ಯಾವುದಕ್ಕೆ, ಯಾವ ಷರತ್ತಿನಲ್ಲಿ ಹೋಗಬಹುದು ಎಂಬುದನ್ನು ಸ್ಟೇಟ್ ಮೆಷಿನ್ ಹೇಳುತ್ತದೆ, ಒಂದನ್ನು ಇನ್ನೊಂದರೊಳಗೆ ಕರಗಿಸುವುದನ್ನು ಬ್ಲೆಂಡಿಂಗ್ ಮಾಡುತ್ತದೆ. ನಡಿಗೆಯಲ್ಲಿ ಎಡಗಾಲು ಮುಂದಿರುವಾಗ ಓಟದಲ್ಲಿ ಬಲಗಾಲು ಮುಂದಿದ್ದರೆ, ಎರಡರ ಮಿಶ್ರಣದಲ್ಲಿ ಎರಡೂ ಕಾಲುಗಳು ಜೊತೆಯಾಗಿ ನಿಂತು ಪಾತ್ರ ತೇಲುತ್ತದೆ. ಹಾಗಾಗಿ ಎರಡೂ ಕ್ಲಿಪ್‌ಗಳಲ್ಲಿ ಪಾದ ನೆಲ ಮುಟ್ಟುವ ಕ್ಷಣಗಳನ್ನು ಗುರುತಿಸಿ ಹೊಂದಿಸಲೇಬೇಕು.

ಪಾದ ಜಾರುವ ದೋಷಕ್ಕೆ ಇನ್ನೊಂದು ಕಾರಣವೂ ಇದೆ: ಪಾತ್ರ ಮುಂದೆ ಸಾಗುವ ವೇಗ ಮತ್ತು ಹೆಜ್ಜೆಯ ಉದ್ದ ಹೊಂದದಿರುವುದು. ಕ್ಲಿಪ್‌ನಲ್ಲಿರುವ ಚಲನೆಯೇ ಪಾತ್ರವನ್ನು ಮುಂದೊಯ್ಯುವಂತೆ ಮಾಡುವ ರೂಟ್ ಮೋಷನ್ ಈ ದೋಷವನ್ನು ಕಳೆಯುತ್ತದೆ, ಆದರೆ ನಿಯಂತ್ರಣದ ಚುರುಕನ್ನೂ ಒಂದಿಷ್ಟು ಕಳೆಯುತ್ತದೆ. ಮೆಟ್ಟಿಲು, ಇಳಿಜಾರುಗಳಲ್ಲಿ ಪಾದ ಎಲ್ಲಿರಬೇಕೆಂದು ಮೊದಲು ನಿರ್ಧರಿಸಿ ಮೊಣಕಾಲು, ಸೊಂಟಗಳ ಬಾಗುವಿಕೆಯನ್ನು ಹಿಮ್ಮುಖವಾಗಿ ಲೆಕ್ಕ ಹಾಕುವ ವಿಧಾನಕ್ಕೆ ಇನ್ವರ್ಸ್ ಕೈನೆಮ್ಯಾಟಿಕ್ಸ್ ಎಂದು ಹೆಸರು.

ಕ್ಲಿಪ್‌ಗಳ ಸಂಖ್ಯೆ ಸಾವಿರ ದಾಟಿದಾಗ ಸ್ಟೇಟ್ ಮೆಷಿನ್ ಕೈಮೀರುತ್ತದೆ. ಯೂಬಿಸಾಫ್ಟ್ ಕಂಪನಿ ‘ಫಾರ್ ಆನರ್’ ಆಟಕ್ಕಾಗಿ ಬೆಳೆಸಿದ ಮೋಷನ್ ಮ್ಯಾಚಿಂಗ್ ವಿಧಾನದಲ್ಲಿ, ಮೋಷನ್ ಕ್ಯಾಪ್ಚರ್‌ನ (ನಿಜವಾದ ನಟರ ಚಲನೆಯನ್ನು ಕಂಪ್ಯೂಟರ್‌ನಲ್ಲಿ ದಾಖಲಿಸುವುದು) ದೊಡ್ಡ ಸಂಗ್ರಹದಿಂದ ಪಾತ್ರದ ಈಗಿನ ಭಂಗಿಗೂ ಆಟಗಾರ ಬಯಸಿದ ದಾರಿಗೂ ಹತ್ತಿರದ ಫ್ರೇಮನ್ನು ಆಟದ ನಡುವೆಯೇ ಮತ್ತೆ ಮತ್ತೆ ಹುಡುಕಿ ಅಲ್ಲಿಗೆ ಹಾರಲಾಗುತ್ತದೆ.

ಹೊಡೆತದ ಅನಿಮೇಷನ್‌ನಲ್ಲಿ ಆರಂಭದ ಎರಡು ಪ್ರಶ್ನೆಗಳ ಎಳೆದಾಟ ಅತ್ಯಂತ ಸ್ಪಷ್ಟವಾಗಿದೆ. ಫೈಟಿಂಗ್ ಗೇಮ್‌ಗಳಲ್ಲಿ ಪ್ರತಿ ಹೊಡೆತಕ್ಕೂ ಮೂರು ಭಾಗ: ಕೈ ಹಿಂದೆಳೆಯುವ ಸಿದ್ಧತೆ, ಹೊಡೆತ ತಾಗಬಲ್ಲ ಅವಧಿ, ಮೊದಲಿನ ಸ್ಥಿತಿಗೆ ಮರಳುವ ಚೇತರಿಕೆ. ಸಾಂಪ್ರದಾಯಿಕ ಅನಿಮೇಷನ್ ದೀರ್ಘವಾದ ಸಿದ್ಧತೆಯನ್ನು ಮೆಚ್ಚುತ್ತದೆ, ಆದರೆ ಅದು ಆಟಗಾರನಿಗೆ ವಿಳಂಬವಾಗಿ ಕಾಡುತ್ತದೆ. ಹೀಗಾಗಿ ಆಟಗಾರನ ಪಾತ್ರಕ್ಕೆ ಸಿದ್ಧತೆಯನ್ನು ಕೆಲವೇ ಫ್ರೇಮ್‌ಗಳಿಗೆ ಇಳಿಸಿ, ಬಲದ ಅನುಭವವನ್ನು ಚೇತರಿಕೆಯ ಭಂಗಿಗಳಲ್ಲಿ ತುಂಬುತ್ತಾರೆ. ಹೊಡೆತ ತಾಗಿದ ಕ್ಷಣದಲ್ಲಿ ಇಬ್ಬರನ್ನೂ ಕೆಲವು ಫ್ರೇಮ್ ಕಾಲ ಸ್ತಬ್ಧಗೊಳಿಸುವ ಹಿಟ್‌ಸ್ಟಾಪ್ ಅದಕ್ಕೆ ಇನ್ನಷ್ಟು ತೂಕ ಕೊಡುತ್ತದೆ. ಬಲಿಷ್ಠ ಶತ್ರುವಿಗೆ ಮಾತ್ರ ಸಿದ್ಧತೆಯನ್ನು ಉದ್ದವಾಗಿಯೇ ಇಡುತ್ತಾರೆ, ಏಕೆಂದರೆ ಅವನ ಎತ್ತಿದ ಕೊಡಲಿಯನ್ನು ಕಂಡು ಪಕ್ಕಕ್ಕೆ ಸರಿಯಲು ಆಟಗಾರನಿಗೆ ಸಮಯ ಸಿಗಬೇಕು.