ಅಲ್ಲಿ ಹುಟ್ಟಿದ ಮಗುವಿಗೂ ಮಲೇರಿಯಾ ಮಾತ್ರೆ ಯಾಕೆ?

ಜಯನಗರದ ನನ್ನ ಚಿಕಿತ್ಸಾಲಯಕ್ಕೆ ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ಐದು ವರ್ಷದ ಮಗನನ್ನು ಕರೆತಂದಿದ್ದರು. ಉಗಾಂಡಾದಲ್ಲಿ ಹುಟ್ಟಿ, ಎರಡು ವರ್ಷ ತುಂಬಿದ ಮೇಲೆ ಬೆಂಗಳೂರಿನ ಅಜ್ಜಿಯ ಮನೆಗೆ ಬಂದ ಮಗು ಅದು. ತಂದೆ ಈಗಲೂ ಅಲ್ಲೇ ಕೆಲಸದಲ್ಲಿದ್ದಾರೆ. ರಜೆಗೆಂದು ಎರಡು ತಿಂಗಳು ಅಲ್ಲಿಗೆ ಹೊರಟಿದ್ದ ತಾಯಿ, “ಡಾಕ್ಟ್ರೇ, ಇವನಿಗೆ ಅಲ್ಲಿದ್ದಾಗಲೇ ಎರಡು ಸಲ ಮಲೇರಿಯಾ ಬಂದು ಹೋಗಿದೆ, ಈಗ ಮತ್ತೆ ಮಾತ್ರೆ ಯಾಕೆ?” ಎಂದು ಕೇಳಿದರು. ದಡಾರ ಒಮ್ಮೆ ಬಂದುಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲವೆಂದು ತಿಳಿದವರು ಹೀಗೆ ಕೇಳುವುದು ಸಹಜವೇ. ಆದರೆ ಮಲೇರಿಯಾ ಆ ಲೆಕ್ಕಕ್ಕೆ ಸಿಗುವ ಕಾಯಿಲೆಯಲ್ಲ.

ಮಲೇರಿಯಾ ವರ್ಷವಿಡೀ ಹರಡುವ ಆಫ್ರಿಕಾದ ಪ್ರದೇಶಗಳಲ್ಲಿ ಹುಟ್ಟಿದ ಶಿಶುವಿಗೆ ಮೊದಲ ಕೆಲವು ತಿಂಗಳು ತೀವ್ರ ಮಲೇರಿಯಾ ಬರುವುದು ಕಡಿಮೆ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು (ರೋಗಾಣುವನ್ನು ಗುರುತಿಸಿ ಎದುರಿಸುವ ರಕ್ತದ ಪ್ರೋಟೀನುಗಳು), ಮಲೇರಿಯಾ ತರುವ ಪರಾವಲಂಬಿ ಸೂಕ್ಷ್ಮಜೀವಿಯ ಬೆಳವಣಿಗೆಗೆ ಅಷ್ಟಾಗಿ ಒಗ್ಗದ ಭ್ರೂಣದ ಹಿಮೋಗ್ಲೋಬಿನ್ ಮುಂತಾದವು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಆದರೆ ಬೆಂಗಳೂರಿನಲ್ಲಿ ಬೆಳೆದು ಮದುವೆಯಾಗಿ ಅಲ್ಲಿಗೆ ಹೋದ ಈ ತಾಯಿಯ ರಕ್ತದಲ್ಲಿ ಮಗುವಿಗೆ ದಾಟಿಸಲು ಅಂಥ ಪ್ರತಿಕಾಯಗಳೇ ಹೆಚ್ಚಾಗಿ ಇದ್ದಿರಲಾರವು. ಹುಟ್ಟಿದ ಊರು ತಾನಾಗಿಯೇ ರಕ್ಷಣೆ ಕೊಡುವುದಿಲ್ಲ.

ಆರು ತಿಂಗಳ ಹೊತ್ತಿಗೆ ಆ ರಕ್ಷಣೆ ಕರಗಿದ ಮೇಲೆ ಮಗು ತನ್ನದೇ ರೋಗನಿರೋಧಕ ಶಕ್ತಿಯನ್ನು ಕಟ್ಟಿಕೊಳ್ಳಬೇಕು, ಮತ್ತು ಅದು ಬಹಳ ನಿಧಾನದ ಕೆಲಸ. ಮಲೇರಿಯಾ ಪರಾವಲಂಬಿಗಳಲ್ಲೇ ಅತಿ ಅಪಾಯಕಾರಿಯಾದ ಫಾಲ್ಸಿಪ್ಯಾರಮ್ ಕೆಂಪು ರಕ್ತಕಣದೊಳಗೆ ಸೇರಿ, ಆ ಕಣದ ಮೇಲ್ಮೈಯಲ್ಲಿ ಒಂದು ಪ್ರೋಟೀನನ್ನು ಚಾಚುತ್ತದೆ. ಅದರ ಹಿಡಿತದಿಂದಲೇ ಕಣಗಳು ಮೆದುಳಿನ ಮತ್ತು ಇತರ ಅಂಗಗಳ ಸಣ್ಣ ರಕ್ತನಾಳಗಳಿಗೆ ಅಂಟಿಕೊಳ್ಳುವುದು. ಈ ಪ್ರೋಟೀನಿನ ಸುಮಾರು 60 ರೂಪಗಳಿಗೆ ಬೇಕಾದ ಜೀನ್‌ಗಳು ಒಂದೇ ಪರಾವಲಂಬಿಯಲ್ಲಿರುತ್ತವೆ. ದೇಹ ಒಂದು ರೂಪವನ್ನು ಗುರುತಿಸಿ ಪ್ರತಿಕಾಯ ತಯಾರಿಸುವಷ್ಟರಲ್ಲಿ ಅದು ಇನ್ನೊಂದನ್ನು ತೊಟ್ಟಿರುತ್ತದೆ. ಬೇರೆ ಸೊಳ್ಳೆಯಿಂದ ಬರುವ ಪರಾವಲಂಬಿಯಲ್ಲಿ ಬೇರೆಯೇ ರೂಪಗಳಿರಬಹುದು. ಆದ್ದರಿಂದ ಪ್ರಾಣಾಪಾಯದ ಮಲೇರಿಯಾದಿಂದ ರಕ್ಷಣೆ ಮೊದಲಿಗೆ, ಸಾಧಾರಣ ಜ್ವರದಿಂದ ರಕ್ಷಣೆ ಅದೆಷ್ಟೋ ವರ್ಷಗಳ ಸೋಂಕಿನ ನಂತರ ಬರುತ್ತದೆ. ಪರಾವಲಂಬಿ ರಕ್ತದಲ್ಲಿ ಕಾಲಿಡದಂತೆ ತಡೆಯುವ ಪೂರ್ಣ ರಕ್ಷಣೆಯಂತೂ ದೊಡ್ಡವರಿಗೂ ದಕ್ಕುವುದು ತೀರಾ ಅಪರೂಪ. ಅವರಲ್ಲಿ ಅನೇಕರು ಅದನ್ನು ರಕ್ತದಲ್ಲಿಟ್ಟುಕೊಂಡೇ ಜ್ವರವಿಲ್ಲದೆ ಓಡಾಡುತ್ತಿರುತ್ತಾರೆ.

ಈ ಶಕ್ತಿಯಲ್ಲಿ ಪ್ರತಿಕಾಯಗಳ ಪಾತ್ರ 1961ರಲ್ಲಿ ಗ್ಯಾಂಬಿಯಾದ ಪ್ರಯೋಗವೊಂದರಲ್ಲಿ ಸ್ಪಷ್ಟವಾಯಿತು. ಅಲ್ಲಿನ ವಯಸ್ಕರ ರಕ್ತದಿಂದ ಬೇರ್ಪಡಿಸಿದ ಗ್ಯಾಮಾ ಗ್ಲಾಬ್ಯುಲಿನನ್ನು, ಅಂದರೆ ಪ್ರತಿಕಾಯಗಳಿರುವ ಅಂಶವನ್ನು, ಮಲೇರಿಯಾ ಪೀಡಿತ ಮಕ್ಕಳಿಗೆ ಚುಚ್ಚಿದಾಗ, ಕೆಲವೇ ದಿನಗಳಲ್ಲಿ ಪರಾವಲಂಬಿಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಆ ವಯಸ್ಕರು ಬಾಲ್ಯದುದ್ದಕ್ಕೂ ಸಂಪಾದಿಸಿದ್ದನ್ನು ಮಕ್ಕಳು ಎರವಲು ಪಡೆದಂತಾಯಿತು.

“ಸಹಜವಾಗಿ ಬರುವ ಶಕ್ತಿ ಒಳ್ಳೆಯದಲ್ಲವೇ?” ಎಂದು ಕೆಲವು ಪೋಷಕರು ಕೇಳುತ್ತಾರೆ. ಮಲೇರಿಯಾದ ಮಟ್ಟಿಗೆ ಈ ಮಾತನ್ನು ನಾನು ಒಪ್ಪಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000. ಆಫ್ರಿಕಾದಲ್ಲಿ ಹೀಗೆ ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಐದು ವರ್ಷದೊಳಗಿನ ಮಕ್ಕಳು. ಸಹಜ ಶಕ್ತಿ ಬರುವ ದಾರಿಯಲ್ಲೇ ಇವರು ತೀರಿಕೊಂಡವರು. ಇವರಿಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ಲಸಿಕೆಯನ್ನು, 2023ರಲ್ಲಿ ಮತ್ತೊಂದನ್ನು ಐದು ತಿಂಗಳಿನಿಂದಲೇ ಕೊಡಲು ಶಿಫಾರಸು ಮಾಡಿತು.

ಇಷ್ಟು ಕಷ್ಟಪಟ್ಟು ಬಂದ ಶಕ್ತಿಯೂ ಮತ್ತೆ ಮತ್ತೆ ಸೋಂಕು ತಗಲದಿದ್ದರೆ ಸವೆಯುತ್ತದೆ. ನಮ್ಮ ನಗರದಲ್ಲಿ ಮಲೇರಿಯಾ ಅಪರೂಪವಾದ್ದರಿಂದ ಇಲ್ಲಿ ಬೆಳೆದ ಅಜ್ಜನಿಗೂ ಮೊಮ್ಮಗನಿಗೂ ಅದರ ಪರಿಚಯವಿರುವುದಿಲ್ಲ, ಹಾಗಾಗಿ ಇಬ್ಬರಿಗೂ ಅಪಾಯ ಇದ್ದೇ ಇದೆ. ನನ್ನ ಮುಂದೆ ಕುಳಿತಿದ್ದ ಹುಡುಗನಿಗೆ ಎರಡು ಸೋಂಕುಗಳಿಂದ ಏನಾದರೂ ದಕ್ಕಿದ್ದರೂ, ಬೆಂಗಳೂರಿನ ಮೂರು ವರ್ಷಗಳ ನಂತರ ಅದನ್ನು ನಂಬಿ ಕಳುಹಿಸುವ ಧೈರ್ಯ ನನಗಿರಲಿಲ್ಲ.

ಅವನ ತೂಕಕ್ಕೆ ತಕ್ಕ ಮುಂಜಾಗ್ರತಾ ಮಾತ್ರೆ ಬರೆದುಕೊಟ್ಟೆ. ಊರಿಗೆ ಮರಳಿದ ಮೇಲೂ ಹೇಳಿದಷ್ಟು ದಿನ ಅದನ್ನು ನಿಲ್ಲಿಸಬಾರದೆಂದೂ, ಕೀಟನಾಶಕ ಲೇಪಿಸಿದ ಪರದೆಯೊಳಗೇ ಮಲಗಿಸಬೇಕೆಂದೂ, ಹಿಂದಿರುಗಿದ ನಂತರದ ತಿಂಗಳುಗಳಲ್ಲಿ ಜ್ವರ ಬಂದರೆ ಪ್ರವಾಸದ ವಿಷಯ ತಿಳಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕೆಂದೂ ಹೇಳಿದೆ. ಆ ತಾಯಿ ಮಗುವಿನ ಲಸಿಕೆ ಪುಸ್ತಕವನ್ನು ಚೀಲದಿಂದ ತೆಗೆದು, ಹೊರಡುವ ಮತ್ತು ಮರಳುವ ದಿನಾಂಕಗಳನ್ನು ಅದರ ಹಿಂಬದಿಯಲ್ಲಿ ಬರೆದುಕೊಂಡರು.